ಎಲ್ಲಾರೂ ಬಂದ್ರೇನ್ರವ್ವಾ?

ಹೊಸದಾಗಿ ಕಂಡಕ್ಟರ್ ಕೆಲಸಕ್ಕೆ ಸೇರಿದವರು ಒಮ್ಮೊಮ್ಮೆ ಸುರಪುರದ ರಂಗಂಪೇಟೆಯ ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. "ಕಾಕಾ, ನಿಮ್ಮ ಕಾಲದಾಗ ಹೆಂಗಿತ್ತು, ಸ್ವಲ್ಪ ಹೇಳ್ರಿ" ಎನ್ನುತ್ತಾರೆ. ನಾನು ಹೇಳಲು ಶುರುಮಾಡಿದರೆ ಚಹಾ ಮುಗಿಯುವ ತನಕ ಕೇಳಿ, "ಬಸ್ಸಿನ ಹೊತ್ತಾತ್ರಿ" ಎಂದು ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ಸರ್ಕಾರದ ಕಾಗದದಲ್ಲಿದೆ, ಗೆದ್ದಲು ಬಿಟ್ಟಿದ್ದರೆ ಓದಿಕೊಳ್ಳಿ. ನಾನು ಹೇಳುವುದು ಮಂದಿಯ ವಿಷಯ. ಬಸ್ಸು ಓಡಿಸುವುದು ಡ್ರೈವರನ ಕೆಲಸ. ಮಂದಿಯನ್ನು ಓಡಿಸುವುದು ಕಂಡಕ್ಟರನ ಕೆಲಸ. ಪಟ್ಟಣದ ಮಂದಿ ಒಂದು ತರಹ, ಹಳ್ಳಿಯ ಮಂದಿ ಇನ್ನೊಂದು ತರಹ, ನಡುವೆ ಸೀಟಿ ಹಿಡಿದುಕೊಂಡು ನಿಂತ ನಾನು ಎರಡೂ ಕಡೆಯಿಂದ ಬೈಸಿಕೊಂಡವನು. ಬೈಸಿಕೊಳ್ಳುವುದಕ್ಕೆ ತಕ್ಕ ಗುಣವೂ ನನ್ನಲ್ಲಿತ್ತೆನ್ನಿ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮವ್ವ ಸಾಯುವ ತನಕ ಹೇಳುತ್ತಿದ್ದಳು.

ನಿಜಾಮರ ಆಳ್ವಿಕೆಯ ಕೊನೆಯ ಕಾಲ ಅದು. ಕೆಲಸ ಕಲಿಯಲು ನನ್ನನ್ನು ಹೈದರಾಬಾದಿಗೆ ಕಳಿಸಿದರು. ಆರು ತಿಂಗಳು ಅಲ್ಲಿದ್ದೆ. ಅಲ್ಲಿಯ ಜನರ ನಯ ವಿನಯ ನೋಡಿ ನನಗೆ ತಲೆ ತಿರುಗಿತು. ಒಮ್ಮೆ ಬಸ್ಸು ಜೋಲಿ ಹೊಡೆದಾಗ ಒಬ್ಬ ಹಿರಿಯರ ಪಕ್ಕದಲ್ಲಿ ದೊಪ್ಪೆಂದು ಕೂತುಬಿಟ್ಟೆ. ಅವರು ಪಕ್ಕಕ್ಕೆ ತೆಗೆದಿಟ್ಟಿದ್ದ ಟೋಪಿ ನನ್ನ ಕೆಳಗೆ ಸಿಕ್ಕಿತು. ಅವರು ಎರಡು ನಿಲ್ದಾಣ ದಾಟುವವರೆಗೂ ಒಂದು ಮಾತೂ ಆಡಲಿಲ್ಲ. ಇಳಿಯುವ ಹೊತ್ತು ಬಂದಾಗ ಮೆಲ್ಲಗೆ, "ತಮಗೆ ತೊಂದರೆಯಾಗದಿದ್ದರೆ ಒಂದು ಕ್ಷಣ ಏಳುತ್ತೀರಾ? ನನ್ನ ಬಡ ಟೋಪಿ ಇಷ್ಟು ಹೊತ್ತು ತಮ್ಮ ಆಶ್ರಯದಲ್ಲಿತ್ತು" ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಇಂಥ ಮಾತು ನಾನೂ ಕಲಿಯಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಕಲಿತೆ ಕೂಡ. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಈ ದಾರಿಗೆ ನನ್ನನ್ನು ಹಾಕಿದರು. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಬಾಯಲ್ಲಿ ಹೈದರಾಬಾದಿನ ಸಕ್ಕರೆ. ಮೊದಲ ದಿನವೇ ಶಹಾಪುರದಲ್ಲಿ ಒಬ್ಬ ರೈತನ ಕಾಲು ತುಳಿದೆ. ಆತ ಎರಡು ನಿಲ್ದಾಣ ಕಾಯಲಿಲ್ಲ. "ಏ ಹುಚ್ಚಪ್ಪಾ, ಕಣ್ಣು ನೆತ್ತಿ ಮ್ಯಾಲ ಅದಾವೇನೋ? ಅದು ಕಾಲೋ ಕೊಡ್ಲಿಯೋ?" ಎಂದು ಬಸ್ಸಿನ ತಗಡು ನಡುಗುವಂತೆ ಕೂಗಿದ. ನನ್ನ ಮುಖ ಕೆಂಪಾಯಿತು. ಅರ್ಧ ಹರದಾರಿ ಹೋಗಿರಲಿಲ್ಲ, ಅದೇ ಮನುಷ್ಯ ಧೋತರದ ಗಂಟು ಬಿಚ್ಚಿ, ಬೊಗಸೆ ತುಂಬ ಹುರಿದ ಸೇಂಗಾ ನನ್ನ ಕೈಗೆ ಸುರಿದು, "ತಿನ್ನು. ಮಾರಿ ಯಾಕ ಬಾಡ್ಯಾದ? ಉಂಡಿಲ್ಲೇನು?" ಎಂದ. ಆತನಿಗೆ ತಾನು ಬೈದದ್ದೇ ಮರೆತುಹೋಗಿತ್ತು.

ಎರಡನೆಯ ದಿನ ನಮ್ಮ ರಂಗಂಪೇಟೆಯ ಸಣ್ಣವ್ವ ಬಸ್ಸು ಹತ್ತಿದಳು. ನಾನು ಬಾಗಿಲ ಬಳಿ ಬಾಗಿ ನಿಂತು, ಎದೆಗೆ ಕೈಯಿಟ್ಟು, ದಯಮಾಡಿ ಒಳಗೆ ಬರಬೇಕು ಎಂದು ಮೆಲುದನಿಯಲ್ಲಿ ಹೇಳಿದೆ. ಅವಳು ಅಲ್ಲೇ ನಿಂತು ನನ್ನ ಹಣೆ ಮುಟ್ಟಿ ನೋಡಿದಳು. "ಯಾಕೋ ಸಂಗ್ಯಾ, ಮೈಯಾಗ ಆರಾಮಿಲ್ಲೇನು? ದನಿನೇ ಹೊರಡವಲ್ದು!" ಎಂದಳು. ಬಸ್ಸಿನ ಮಂದಿಯೆಲ್ಲ ಗೊಳ್ಳೆಂದು ನಕ್ಕರು. ಅದರ ಮೇಲೆ ನನ್ನ ಹೈದರಾಬಾದಿನ ಸಕ್ಕರೆಯನ್ನು ಪಟ್ಟಣದವರಿಗೆ ಮಾತ್ರ ಎತ್ತಿಟ್ಟೆ.

ನಮ್ಮ ಡ್ರೈವರ್ ಶಹಾಪುರದ ಲಾಡ್ಲೇಸಾಬ್. ನನಗಿಂತ ಹದಿನೈದು ವರ್ಷ ದೊಡ್ಡವನು. ಮಾತು ಕಡಿಮೆ, ಆಡಿದರೆ ಸುತ್ತಿಗೆ ಪೆಟ್ಟು. ಯುದ್ಧದ ದಿನಗಳಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ನಡೆಸುತ್ತಿದ್ದೆವು. ದಿಬ್ಬ ಬಂದರೆ ಮಂದಿ ಇಳಿದು ನೂಕಬೇಕು. ಹಳ್ಳಿಯವರು ಹೇಳುವ ಮೊದಲೇ ಇಳಿದು ಹೆಗಲು ಕೊಡುತ್ತಿದ್ದರು. ಪಟ್ಟಣದವರು ತಾವು ನೂಕಿ ಆದಮೇಲೆ ಎಲ್ಲರೂ ಹತ್ತುವ ತನಕ ಕೆಳಗೇ ನಿಂತು, ಕೊನೆಗೆ ಹತ್ತುತ್ತಿದ್ದರು. ಎರಡೂ ಒಳ್ಳೆಯ ಗುಣವೇ. ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಒಮ್ಮೆ ಹೈದರಾಬಾದಿನಿಂದ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಹಳ್ಳಿಯವರ ನಡುವೆ ಕೂತರು. ಸುತ್ತಲಿನವರು ಶುರುಮಾಡಿದರು. ಯಾವೂರು? ಯಾರ ಪೈಕಿ? ಪಗಾರ ಎಷ್ಟು? ತಲಿ ಕೂದಲಾ ಯಾಕ ಹೋದ್ವು? ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಎದ್ದು ಬಂದು, "ಕಂಡಕ್ಟರ್ ಸಾಹೇಬ್, ಇವರು ಪ್ರಯಾಣಿಕರೋ ಪೊಲೀಸರೋ?" ಎಂದು ಕೇಳಿದರು. ನಾನು ನಾಚಿಕೊಂಡೆ. ಇಳಿದ ಮೇಲೆ ಲಾಡ್ಲೇಸಾಬನ ಮುಂದೆ, "ನಮ್ಮ ಮಂದಿಗೆ ರೀತಿ ಇಲ್ಲ, ರಿವಾಜಿಲ್ಲ" ಎಂದು ಹಾರಾಡಿದೆ. ಆತ ಬೀಡಿ ಹಚ್ಚಿಕೊಂಡು ಹೇಳಿದ: "ಕೇಳೂದೇ ರಿವಾಜಪಾ. ದಾರ್ಯಾಗ ಆ ಮನಷ್ಯಾಗ ಏನರ ಆತು ಅಂತಿಟ್ಕೋ. ಯಾರ ಮನಿಗಿ ಸುದ್ದಿ ಮುಟ್ಟಸಬೇಕು? ಕೇಳಿದವ್ರಿಗೇ ಗೊತ್ತಿರತದ." ನಾನು ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ.

ಬಸ್ಸಿನ ಹಿಂಭಾಗದಲ್ಲಿ ಹೆಂಗಸರ ಜಾಗ. ನಡುವೆ ದಪ್ಪ ಪರದೆ, ಹತ್ತಿ ಇಳಿಯಲು ಬೇರೆ ಬಾಗಿಲು. ಲಾಡ್ಲೇಸಾಬನ ಹಳೆಯ ಪದ್ಧತಿ ಏನೆಂದರೆ, ಎಲ್ಲೇ ನಿಂತರೂ ಮತ್ತೆ ಹೊರಡುವ ಮುಂಚೆ ಪರದೆಯ ಕಡೆ ಮುಖ ಮಾಡಿ, "ಎಲ್ಲಾರೂ ಬಂದ್ರೇನ್ರವ್ವಾ?" ಎಂದು ಕೂಗಬೇಕು. ಒಳಗಿನಿಂದ "ಹ್ಞೂ, ಬಿಡ್ರೆಪಾ" ಎಂದು ಬಂದರೆ ಸೀಟಿ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ದಿನ ಪಟ್ಟಣದ ವಕೀಲರೊಬ್ಬರು ಮನೆಯವರನ್ನು ಕರೆದುಕೊಂಡು ಹೊರಟಿದ್ದರು. ನಾನು ಕೂಗಿದ್ದೇ ತಡ, ಅವರ ಮುಖ ಗಂಟಿಕ್ಕಿತು. ಸಭ್ಯರ ಹೆಣ್ಣುಮಕ್ಕಳಿಂದ ಹೀಗೆ ಬೀದಿಯಲ್ಲಿ ಉತ್ತರ ಕೇಳುವುದು ಯಾವ ಊರಿನ ಮರ್ಯಾದೆ ಎಂದು ಅವರು ಯಾದಗಿರಿಗೆ ದೂರು ಬರೆದು ಹಾಕಿದರು.

ಯಾದಗಿರಿಯಲ್ಲಿ ನಮ್ಮ ಮೇಲೆ ಒಬ್ಬ ಇನ್ಸ್‌ಪೆಕ್ಟರ್ ಇದ್ದರು. ಹೈದರಾಬಾದಿನವರು. ಸರಪಳಿ ಕಟ್ಟಿದ ಗಡಿಯಾರ ಸದಾ ಅಂಗೈಯಲ್ಲಿ. ಮಂದಿ ಅವರನ್ನು ಘಡಿ ಸಾಹೇಬ ಎಂದು ಕರೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಹೊತ್ತು ಎಂದರೆ ಹೊತ್ತು. ನನ್ನನ್ನು ಕರೆಸಿ ಎರಡು ಮಾತು ಹೇಳಿದರು. ಒಂದು, ಇನ್ನು ಮೇಲೆ ಪರದೆಯ ಕಡೆ ಬಾಯಿ ಹಾಕಕೂಡದು. ಎರಡು, ಈ ತಿಂಗಳು ಮೂರು ಸಲ ತಡವಾಗಿದೆ, ನಾಲ್ಕನೆಯ ಸಲ ಆದರೆ ಖಾಕಿ ಬಿಚ್ಚಿಟ್ಟು ಊರಿಗೆ ಹೋಗಬಹುದು.

ತಡವಾಗದೆ ಏನಾಗುತ್ತದೆ? ಹೊಲದ ಅಂಚಿನಲ್ಲಿ ಹುಣಸೆ ಬೀಜದಷ್ಟು ಕಾಣುವ ಆಕಾರ ತೋರಿಸಿ, "ಅಕಾ ನೋಡ್ರಿ, ನಮ್ಮ ಮಾವ ಬರಾಕತ್ತಾನ, ಬಂದೇ ಬಿಟ್ಟ, ತಡೀರಿ" ಎನ್ನುವವರು ನಮ್ಮವರು. ಆ ಮಾವ ಬಂದು ಮುಟ್ಟುವಷ್ಟರಲ್ಲಿ ಒಲೆಯ ಇದ್ದಿಲು ಬೂದಿಯಾಗುತ್ತಿತ್ತು. ಬಂದವನು ಹತ್ತುತ್ತಾನೆಯೇ? ಇಲ್ಲ. "ನಾ ಎಲ್ಲಿಗೂ ಬರಂಗಿಲ್ಲ, ಅಳಿಯಾಗ ಹೋಗಿ ಬಾ ಅನ್ನಾಕ ಬಂದೀನಿ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಖಾಕಿ ಹೋಗುತ್ತದೆ ಎಂದಮೇಲೆ ನಾನು ಕಲ್ಲಾದೆ. ಯಾರಿಗೂ ಕಾಯಬಾರದು, ಪರದೆಯ ಕಡೆ ನೋಡಬಾರದು, ಎರಡು ಸೀಟಿ, ಮುಗಿಯಿತು ಎಂದು ಶಪಥ ಮಾಡಿದೆ. ನನ್ನ ಇಡೀ ನೌಕರಿಯ ದೊಡ್ಡ ತಪ್ಪು ಆ ಶಪಥದಿಂದಲೇ ಹುಟ್ಟಿತು.

ಬಿರುಬೇಸಿಗೆ. ಸುರಪುರದ ದವಾಖಾನೆಗೆ ಹೊಸದಾಗಿ ವರ್ಗವಾದ ಡಾಕ್ಟರ್ ಸಾಹೇಬರು ಯಾದಗಿರಿಯಲ್ಲಿ ರೈಲಿನಿಂದ ಇಳಿದು ನಮ್ಮ ಬಸ್ಸು ಹತ್ತಿದರು. ಹೈದರಾಬಾದಿನ ದೊಡ್ಡ ಮನೆತನದವರು. ಅವರು ಮುಂದೆ, ಡ್ರೈವರನ ಪಕ್ಕ ಕೂತರು. ಅವರ ಬೇಗಂ ಬುರ್ಖಾದಲ್ಲಿ ಹಿಂದಿನ ಪರದೆಯೊಳಗೆ ಹೋದರು. ಶಹಾಪುರದಲ್ಲಿ ನಿಂಗವ್ವ ಎಂಬ ಹೆಣ್ಣುಮಗಳು, ಸುರಪುರದ ಹತ್ತಿರದ ಬೋನಾಳದವಳು, ತವರಿನಿಂದ ಗಂಡನ ಮನೆಗೆ ಹೊರಟವಳು, ಎಂಟು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಅದೇ ಪರದೆಯೊಳಗೆ ಹತ್ತಿದಳು. ಆ ದಿನ ಒಳಗೆ ಇದ್ದದ್ದು ಇವರಿಬ್ಬರೇ ಮತ್ತು ಆ ಕೂಸು.

ಶಹಾಪುರದಿಂದ ಎರಡು ಹರದಾರಿ ಬಂದಮೇಲೆ ರಸ್ತೆಯ ಬದಿ ಬೇವಿನ ಗಿಡ, ಅದರ ಹಿಂದೆ ಒಂದು ಮೆಟ್ಟಿಲ ಬಾವಿ. ಎಂಜಿನ್ನಿಗೆ ನೀರು ಹಾಕಲು ಅಲ್ಲಿ ನಿಲ್ಲುವುದು ವಾಡಿಕೆ. ನಾನು ಬಾವಿಯ ಮೇಲಿನ ರಾಟೆಯಿಂದ ಎರಡು ಕೊಡ ಸೇದಿ ಎಂಜಿನ್ನಿಗೆ ಸುರಿದೆ, ಒಲೆಯ ಬೂದಿ ಕೆದರಿದೆ, ಸೂರ್ಯನನ್ನು ನೋಡಿದೆ, ಹೊತ್ತು ಸರಿಯಾಗಿತ್ತು. ಎರಡು ಸೀಟಿ ಊದಿದೆ. ಲಾಡ್ಲೇಸಾಬ್ ತಿರುಗಿ, "ಕೇಳಿದೇನು?" ಎಂದ. "ಕೇಳಬ್ಯಾಡ ಅಂತ ಹುಕುಂ ಅದ, ಬಿಡು" ಎಂದು ನಾನು ಸಿಡುಕಿದೆ. ಆತ ಬಿಟ್ಟ.

ಪರದೆಯೊಳಗೆ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಬೆನ್ನ ಹಿಂದೆಯೇ ಇದ್ದ ಒಲೆಯ ಕಾವಿಗೆ ಬೇಗಂ ಅವರ ಬಾಯಿ ಒಣಗಿತ್ತು, ಅವರ ಸುರಾಹಿಯಲ್ಲಿ, ಅಂದರೆ ಮಣ್ಣಿನ ಹೂಜಿಯಲ್ಲಿ, ಹನಿ ನೀರಿರಲಿಲ್ಲ. ಅವರು ಯಾರನ್ನೂ ಕೇಳುವವರಲ್ಲ. ನಿಂಗವ್ವ ಅವರ ತುಟಿ ನೋಡಿದಳು. ನಾನು ನೀರು ಸೇದಿ ಬಾವಿಯಿಂದ ಇತ್ತ ಬಂದ ಕೂಡಲೇ ಕೂಸನ್ನು ಅವರ ಉಡಿಗೆ ಹಾಕಿ, ಸುರಾಹಿ ಕಸಿದುಕೊಂಡು, ಹಿಂದಿನ ಬಾಗಿಲಿನಿಂದ ಇಳಿದು ಬಾವಿಯ ಮೆಟ್ಟಿಲು ಇಳಿದಳು. ನಾನು ಆಗ ಎಂಜಿನ್ನಿನ ಮುಂದೆ ಬಗ್ಗಿದ್ದೆ. ಆ ಬಾವಿ ಆಳ. ತಳಕ್ಕೆ ಇಳಿದವರಿಗೆ ಮೇಲಿನ ಸೀಟಿಯೂ ಕೇಳುವುದಿಲ್ಲ, ಬಸ್ಸಿನ ಸದ್ದೂ ಕೇಳುವುದಿಲ್ಲ.

ಬಸ್ಸು ಹೊರಟಾಗ ಬೇಗಂ ಏಕೆ ಕೂಗಲಿಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ದಿನ ಅದನ್ನೇ ಕೇಳಿಕೊಂಡೆ. ಅವರು ಜನ್ಮದಲ್ಲಿ ಪರಪುರುಷರ ಕಿವಿಗೆ ಬೀಳುವಂತೆ ದನಿ ಎತ್ತಿದವರಲ್ಲ. ಮೊದಲು ಅವಳು ಮುಂದಿನ ಬಾಗಿಲಿನಿಂದ ಹತ್ತಿರಬಹುದು ಅಂದುಕೊಂಡರಂತೆ. ಆಮೇಲೆ ಪರದೆಯನ್ನು ಬೆರಳಿನಿಂದ ತಟ್ಟಿದರಂತೆ. ಆ ಇದ್ದಿಲ ಬಸ್ಸಿನ ಗದ್ದಲದಲ್ಲಿ ಬೆರಳ ಸದ್ದು ಯಾರಿಗೆ ಕೇಳಬೇಕು? ಹಳ್ಳಿಯ ಹೆಂಗಸಾಗಿದ್ದರೆ ಪರದೆ ಹರಿದು ಹೊರಗೆ ಬಂದು ನನ್ನ ಜುಟ್ಟು ಹಿಡಿಯುತ್ತಿದ್ದಳು. ಹಳ್ಳಿಯ ಕಂಡಕ್ಟರ್ ಹಳ್ಳಿಯವನಂತೆ ಕೂಗಿ ಕೇಳಿದ್ದರೂ ಸಾಕಿತ್ತು. ಎಲ್ಲರೂ ಮರ್ಯಾದೆಯಿಂದ ಇದ್ದೆವು, ತಾಯಿ ಬಾವಿಯಲ್ಲಿ ಉಳಿದಳು.

ಸುರಪುರಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿದೆವು. ಅಲ್ಲಿ ಘಡಿ ಸಾಹೇಬರು ಸ್ವತಃ ಬಂದು ನಿಂತಿದ್ದರು. ಗಡಿಯಾರ ನೋಡಿ, "ಶಹಬ್ಬಾಸ್ ಸಂಗಪ್ಪ!" ಎಂದರು. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಡಾಕ್ಟರ್ ಸಾಹೇಬರು ಹಿಂದಿನ ಬಾಗಿಲು ತೆರೆದು ಹೆಂಡತಿಯನ್ನು ಇಳಿಸಿಕೊಳ್ಳಲು ಹೋದವರು ಅಲ್ಲೇ ನಿಂತುಬಿಟ್ಟರು. ಬುರ್ಖಾದ ಒಳಗಿನಿಂದ ಕೂಸು ಅಳುವ ಸದ್ದು.

"ಈ ಮಗು ಯಾರದು?" ಎಂದರು.

ಬೇಗಂ ಗಂಡನ ಕಿವಿಯಲ್ಲಿ ಹೇಳಿದ್ದನ್ನು ಅವರು ನಮಗೆ ಹೇಳಿದರು. ಲಾಡ್ಲೇಸಾಬ್ ನನ್ನ ಕಡೆ ಒಮ್ಮೆ ನೋಡಿದ, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೂಸು ತಾಯಿಯ ಹಾಲಿಗಾಗಿ ಬಾಯಿ ತಿರುಗಿಸುತ್ತಿತ್ತು. ಆ ತಾಯಿ ಮೇಲೆ ಬಂದು ಬಸ್ಸು ಕಾಣದೆ ಏನು ಮಾಡಿಕೊಂಡಾಳೋ, ಪಕ್ಕದಲ್ಲೇ ಬಾವಿ ಎಂದು ನೆನೆದು ಘಡಿ ಸಾಹೇಬರ ಹತ್ತಿರ ಓಡಿದೆ.

"ಸಾಹೇಬ್, ಬಸ್ಸು ಈಗಿಂದೀಗ ತಿರುಗಿಸಬೇಕು" ಎಂದೆ.

ಘಡಿ ಸಾಹೇಬರು ಗಡಿಯಾರ ನೋಡಿದರು. ಅವರ ಮುಖವೂ ಬಾಡಿತ್ತು, ಆದರೆ ರೂಢಿಯೊಂದು ಬಿಡಬೇಕಲ್ಲ. "ವಾಪಸ್ ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ಮಗುವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತನ್ನಿ. ಅವರು ತಾಯಿಯನ್ನು ಹುಡುಕಿಸುತ್ತಾರೆ. ಅದೇ ಕಾಯ್ದೆ" ಎಂದರು. ಡಾಕ್ಟರ್ ಸಾಹೇಬರೂ ತಲೆಯಾಡಿಸಿ ಕೂಸಿಗೆ ಕೈಚಾಚಿದರು.

ಆಗ ಬುರ್ಖಾದೊಳಗಿನಿಂದ ದನಿ ಬಂತು. ಮೊದಲು ಸಣ್ಣಗೆ, ಆಮೇಲೆ ನಿಲ್ದಾಣದಲ್ಲಿದ್ದ ಎಲ್ಲರಿಗೂ ಕೇಳುವಂತೆ. ಶುದ್ಧ ಹೈದರಾಬಾದಿನ ಉರ್ದು. "ಅವಳು ಮಗುವನ್ನು ಠಾಣೆಗೆ ಕೊಟ್ಟಿಲ್ಲ. ನನ್ನ ಮಡಿಲಿಗೆ ಕೊಟ್ಟಿದ್ದಾಳೆ. ಅವಳ ಕೈಗೇ ಕೊಡುತ್ತೇನೆ. ಬಸ್ಸು ಹೋಗದಿದ್ದರೆ ನಡೆದುಕೊಂಡು ಹೋಗುತ್ತೇನೆ."

ಡಾಕ್ಟರ್ ಸಾಹೇಬರು ಹೆಂಡತಿಯ ಕಡೆ ಹೊಸಬರನ್ನು ನೋಡುವಂತೆ ನೋಡಿದರು. ಘಡಿ ಸಾಹೇಬರು ಗಡಿಯಾರವನ್ನು ಜೇಬಿಗೆ ಹಾಕಿ ತಾವೇ ಬಸ್ಸು ಹತ್ತಿದರು.

ಆ ದಾರಿ ನನಗೆ ಎಷ್ಟು ಉದ್ದವೆನಿಸಿತೆಂದು ಹೇಳಲಾರೆ. ದೇವರೇ, ಖಾಕಿ ಹೋದರೆ ಹೋಗಲಿ, ಆ ಹೆಣ್ಣುಮಗಳು ನೆಟ್ಟಗಿರಲಿ ಎಂದು ಹರಕೆ ಹೊತ್ತೆ. ಒಂದು ಹರದಾರಿ ಹೋದಮೇಲೆ ಎದುರಿನಿಂದ ಧೂಳೆಬ್ಬಿಸುತ್ತ ಒಂದು ಎತ್ತಿನ ಬಂಡಿ ಬಂತು. ಬಂಡಿಯ ತುಂಬ ಮಂದಿ. ಬಾವಿಯ ಹತ್ತಿರದ ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಅವಳೊಂದಿಗೆ ಹತ್ತಿಕೊಂಡಿದ್ದರು. ನಡುವೆ ನಿಂಗವ್ವ. ಅವಳ ಉಡಿಯಲ್ಲಿ, ಕೂಸನ್ನು ಹಿಡಿದಂತೆ ಎರಡೂ ಕೈಯಿಂದ ಅವಚಿಕೊಂಡ ಸುರಾಹಿ. ಅದಕ್ಕೆ ಒದ್ದೆ ಬಟ್ಟೆ ಸುತ್ತಿದ್ದಳು. ಅವಳ ಕುಪ್ಪಸ ಹಾಲಿನಿಂದ ತೊಯ್ದಿತ್ತು.

ನಾನು ಬಾಗಿಲಲ್ಲಿ ಏಟು ತಿನ್ನಲು ತಯಾರಾಗಿ ನಿಂತಿದ್ದೆ. ಅವಳು ನನ್ನನ್ನು ನೋಡಲೂ ಇಲ್ಲ. ಹಿಂದಿನ ಬಾಗಿಲಿಗೆ ಓಡಿಹೋಗಿ, ಬೇಗಂ ಕೂಸನ್ನು ಚಾಚುತ್ತಿದ್ದರೆ ಇವಳು ಸುರಾಹಿಯನ್ನು ಚಾಚಿದಳು.

"ಮೊದ್ಲು ನೀರು ಕುಡೀರಿ ಅಕ್ಕಾ. ಆಗಿಂದ ಬಾಯಿ ಒಣಗ್ಯಾದ ನಿಮ್ದು."

ಬೇಗಂ ಕುಡಿದರು. ಕುಡಿದಾದ ಮೇಲೆಯೇ ಅವಳು ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡ ಕ್ಷಣ ಕುಸಿದು ಕೂತು ಹೋ ಎಂದು ಅತ್ತಳು. ಬೇಗಂ ಅವರೂ ಇಳಿದು ಅವಳ ಪಕ್ಕದಲ್ಲೇ ಧೂಳಿನಲ್ಲಿ ಕೂತು ಅತ್ತರು. ನಾವು ಗಂಡಸರು ಬೇರೆ ಕಡೆ ಮುಖ ಮಾಡಿ ನಿಂತೆವು. ನನಗೂ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಬಂಡಿಯಲ್ಲಿದ್ದ ಮುದುಕನೊಬ್ಬ ಹೇಳಿದ: "ಬಾವಿ ಮ್ಯಾಲ ಬಂದು ನೋಡಿದಳ್ರಿ, ಬಸ್ಸಿಲ್ಲ. ಒಂದೇ ಸವನ ನಡಗಾಕತ್ಲು. ಕೂಸು ಎಲ್ಲ್ಯದವ್ವಾ ಅಂದ್ವಿ. ಆ ಅಕ್ಕನ ಉಡ್ಯಾಗದ ಅಂದ್ಲು. ಹಂಗಾದ್ರ ಅಂಜಬ್ಯಾಡ, ಉಡ್ಯಾಗ ಹಾಕಿದ್ದು ಎಲ್ಲೂ ಹೋಗಂಗಿಲ್ಲ ಅಂತ ಹೇಳಿ ಬಂಡಿ ಕಟ್ಟಿದ್ವಿ."

ಆಮೇಲೆ ನಿಂಗವ್ವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಆಗ ಬಿತ್ತು ನೋಡಿ. "ಏನೋ ಕಂಡಕ್ಟರಾ, ಬಾಯಾಗ ಏನು ಕಡಬು ಇಟ್ಕೊಂಡಿದ್ದೆ? ಎಲ್ಲಾರೂ ಬಂದ್ರೇನು ಅಂತ ಒಂದು ಮಾತು ಕೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಅವಳು ಬೈದ ಇನ್ನಷ್ಟು ಮಾತು ಇಲ್ಲಿ ಬರೆಯುವಂಥವಲ್ಲ. ಒಂದೊಂದೂ ನನಗೆ ಸಲ್ಲಬೇಕಾದದ್ದೇ. ನಾನು ಕೈಮುಗಿದು ನಿಂತಿದ್ದೆ. ಸಿಟ್ಟಿನ ಮನುಷ್ಯನಾದ ನನಗೆ ಅಂದು ಸಿಟ್ಟು ಬರಲಿಲ್ಲ. ಬೈದು ಮುಗಿಸಿ ಅವಳು, "ಹೋಗಲಿ ಬಿಡು, ನಿನ್ನ ಮಾರಿನೂ ಸತ್ತಂಗಾಗ್ಯಾದ. ನೀನೂ ಒಂದು ಗುಟುಕು ಕುಡಿ" ಎಂದು ಅದೇ ನೀರು ಕೊಟ್ಟಳು.

ಎಲ್ಲರೂ ಸುರಪುರಕ್ಕೆ ವಾಪಸಾದೆವು. ಈ ಸಲ ಡಾಕ್ಟರ್ ಸಾಹೇಬರು ಹಿಂದಿನ ಸಾಲಿನಲ್ಲಿ, ಪರದೆಯ ಹತ್ತಿರವೇ ಕೂತರು. ಒಳಗೆ ಬೇಗಂ ಏನೋ ಹೇಳುತ್ತಿದ್ದರು, ಅವರು ಕೇಳುತ್ತಿದ್ದರು. ಅದನ್ನು ಡಾಕ್ಟರ್ ಸಾಹೇಬರು ಬಹಳ ದಿನಗಳ ಮೇಲೆ ನನಗೆ ಹೇಳಿದರು. ನಿಂಗವ್ವ ಹತ್ತಿದ ಕೂಡಲೇ ಅರೆಬರೆ ಉರ್ದುವಿನಲ್ಲಿ, ಮಕ್ಕಳೆಷ್ಟು ಎಂದು ಕೇಳಿದಳಂತೆ. ಒಂದೂ ಇಲ್ಲ ಎಂದು ಬೇಗಂ ಹೇಳಿದರಂತೆ. ಹೈದರಾಬಾದಿನ ಅವರ ಬಂಧುಬಳಗದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಅಷ್ಟು ಸಭ್ಯರು. ಆದರೆ ಬೇಗಂ ಬಂದರೆ ತಾಯಂದಿರು ಮೆಲ್ಲಗೆ ಮಕ್ಕಳನ್ನು ಒಳಕೋಣೆಗೆ ಕಳಿಸುತ್ತಿದ್ದರು, ಮಕ್ಕಳಿಲ್ಲದವಳ ದೃಷ್ಟಿ ತಾಗೀತೆಂದು. ನಿಂಗವ್ವ ಎಲ್ಲವನ್ನೂ ಮುಖದ ಮೇಲೆಯೇ ಕೇಳಿದಳು, ಇಲ್ಲ ಎಂದಮೇಲೂ ಕೂಸನ್ನು ಎತ್ತಿ ಅವರದೇ ಉಡಿಗೆ ಹಾಕಿದಳು. "ಮದುವೆಯಾದ ಹತ್ತು ವರ್ಷದಲ್ಲಿ ಒಪ್ಪಿಗೆ ಕೇಳದೆ ಬೇಗಂ ಮಡಿಲಿಗೆ ಮಗು ಕೊಟ್ಟವಳು ನಿಂಗವ್ವ ಒಬ್ಬಳೇ" ಎಂದು ಡಾಕ್ಟರ್ ಸಾಹೇಬರು ಹೇಳಿದರು.

ನನ್ನ ಖಾಕಿ ಉಳಿಯಿತೇ ಎಂದು ಕೇಳುತ್ತೀರಿ. ಉಳಿಯಿತು. ಮರುದಿನ ಘಡಿ ಸಾಹೇಬರ ಮುಂದೆ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ಅವರು ಓದಿ, "ಪರದೆಯ ಕಡೆ ಕೇಳಬೇಡ ಎಂದವನು ನಾನೇ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಸಾಹೇಬರ ಬಾಯಲ್ಲಿ ಅಂಥ ಮಾತು ನಾನು ಮುಂದೆಂದೂ ಕೇಳಲಿಲ್ಲ. ಆದರೆ ಅವರು ಪಟ್ಟಣದವರು, ಪಟ್ಟಣದ ಉಪಾಯವನ್ನೇ ಮಾಡಿದರು. ಯಾರೂ ಯಾರೊಂದಿಗೂ ಮಾತಾಡಬೇಕಾಗದಂತೆ ಪರದೆಯೊಳಗೆ ಒಂದು ಹಗ್ಗ, ಡ್ರೈವರನ ತಲೆಯ ಬಳಿ ಒಂದು ಗಂಟೆ ಕಟ್ಟಿಸಿದರು. ಬಸ್ಸು ನಿಲ್ಲಬೇಕಾದರೆ ಹೆಣ್ಣುಮಕ್ಕಳು ಹಗ್ಗ ಎಳೆಯಬೇಕು.

ಎಳೆದರು. ತವರಿನ ಬಂಡಿ ಕಂಡರೆ ಎಳೆದರು, ಹೊಲದಲ್ಲಿ ಪರಿಚಯದವಳು ಕಂಡರೆ ಎಳೆದರು, ಹಠ ಮಾಡುವ ಕೂಸಿಗೆ ಆಡಲು ಹಗ್ಗದ ತುದಿ ಕೊಟ್ಟರು. ಒಂದು ದಿನ ಲಾಡ್ಲೇಸಾಬ್ ಬ್ರೇಕ್ ಒತ್ತಿ ಒತ್ತಿ ಕಾಲು ನೋಯಿಸಿಕೊಂಡು, ಗಂಟೆಯ ನಾಲಿಗೆಗೆ ಚಿಂದಿ ಸುತ್ತಿದ. "ಇದು ಗುಡಿ ಅಲ್ಲಪಾ, ಬಸ್ಸು. ನೀ ಬಾಯಿ ತಗದು ಕೇಳು" ಎಂದ. ಘಡಿ ಸಾಹೇಬರಿಗೆ ಗೊತ್ತಾಯಿತು, ಗೊತ್ತಾಗದವರಂತೆ ಇದ್ದರು. ಅಂದಿನಿಂದ ನಾನು ಯಾವ ವಕೀಲರ ಮುಖವನ್ನೂ ನೋಡದೆ ಕೇಳುತ್ತ ಬಂದೆ. ಬೇಕಾದರೆ ಮೊದಲು, ತಪ್ಪು ತಿಳಿಯಬೇಡಿ ಸಾಹೇಬರೇ, ಎಂದು ಹೈದರಾಬಾದಿನ ಸಕ್ಕರೆ ಒಂದು ಚಮಚ ಹಾಕುತ್ತಿದ್ದೆ. ಆಮೇಲೆ ರಂಗಂಪೇಟೆಯ ಗಂಟಲು ಬಿಡುತ್ತಿದ್ದೆ. ಎರಡೂ ಕಲಿತದ್ದು ಉಪಯೋಗಕ್ಕೆ ಬಂತು.

ಸಂತೆಗೆ ಬಂದಾಗಲೆಲ್ಲ ನಿಂಗವ್ವ ದವಾಖಾನೆಯ ಹಿಂದಿನ ಮನೆಗೆ ಹೋಗಿ ಕೂಸನ್ನು ಬೇಗಂ ಅವರ ಹತ್ತಿರ ಬಿಟ್ಟು ಸಂತೆ ಮಾಡುತ್ತಿದ್ದಳು. ಆ ಮನೆಯಲ್ಲಿ ಮುಂದೆ ಮಕ್ಕಳೇನೂ ಆಗಲಿಲ್ಲ. ಆದರೆ ದವಾಖಾನೆಗೆ ಬಂದ ಹಳ್ಳಿಯ ತಾಯಂದಿರು ಗಂಡನಿಗೆ ಔಷಧ ಕೊಡಿಸುವ ತನಕ ಕೂಸು ಕುನ್ನಿಗಳನ್ನೆಲ್ಲ ಆ ಅಂಗಳಕ್ಕೆ ಬಿಡುವುದು ರೂಢಿಯಾಯಿತು. ಯಾರೂ ಕೇಳಿ ಬಿಡುತ್ತಿರಲಿಲ್ಲ.

ನಿಜಾಮರ ರಾಜ್ಯ ಹೋದ ಮೇಲೆ ಡಾಕ್ಟರ್ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು. ಯಾದಗಿರಿಯಲ್ಲಿ ರೈಲು ಹಿಡಿಯಬೇಕು, ನಮ್ಮ ಬಸ್ಸಿಗೇ ಬಂದರು. ಅಷ್ಟರಲ್ಲಿ ಬಸ್ಸಿಗೆ ಪೆಟ್ರೋಲ್ ಬಂದಿತ್ತು, ಬೆನ್ನಿನ ಒಲೆ ಹೋಗಿತ್ತು, ಪರದೆ ಮಾತ್ರ ಇನ್ನೂ ಇತ್ತು. ಬೇಗಂ ಹಿಂದೆ ಹತ್ತಿದರು. ರೈಲು ಹತ್ತಿಸಿ ಬರುತ್ತೇನೆಂದು ನಿಂಗವ್ವಳೂ ಹತ್ತಿದಳು. ಉಡಿಯಲ್ಲಿ ಹಿಡಿಸದಷ್ಟು ದೊಡ್ಡವಳಾಗಿದ್ದ ಅವಳ ಮಗಳು ಬೇಗಂ ಅವರ ಉಡಿಯಲ್ಲೇ ಕೂತಿದ್ದಳು.

ಬೇವಿನ ಗಿಡದ ಬಾವಿಯ ಹತ್ತಿರ ನಿಂತೆವು. ನಾನು ಎಂಜಿನ್ನಿಗೆ ನೀರು ಸುರಿದೆ, ಕೈ ಒರೆಸಿಕೊಂಡೆ. ಡಾಕ್ಟರ್ ಸಾಹೇಬರು ಮುಂದಿನ ಸೀಟಿನಲ್ಲಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ರೈಲಿಗೆ ಹೊತ್ತು ಬಿಗಿಯಿತ್ತು. ಸೀಟಿಯನ್ನು ಬಾಯಿಯ ತನಕ ತಂದವನು ಪರದೆಯ ಕಡೆ ತಿರುಗಿ ಕೂಗಿದೆ.

"ಎಲ್ಲಾರೂ ಬಂದ್ರೇನ್ರವ್ವಾ?"

ಒಳಗಿನಿಂದ ಬೇಗಂ ಅವರ ಉತ್ತರ ಬಂತು. ಉರ್ದು ಅಲ್ಲ, ಮೆಲುದನಿಯೂ ಅಲ್ಲ. ಬಸ್ಸಿನ ತಗಡು ನಡುಗುವಂತೆ, ನಮ್ಮ ಸುರಪುರದ ಕನ್ನಡದಲ್ಲಿ.

"ಇಲ್ರೀ ಕಂಡಕ್ಟರ್! ನಿಂದರ್ಸ್ರಿ ಬಸ್ಸು! ನಮ್ಮಕ್ಕ ನೀರು ತರಾಕ ಹೋಗ್ಯಾಳ!"

ಲಾಡ್ಲೇಸಾಬ್ ಎಂಜಿನ್ ಆರಿಸಿದ. ಡಾಕ್ಟರ್ ಸಾಹೇಬರು ಕೈಗಡಿಯಾರದ ಮೇಲೆ ಅಂಗಿಯ ತೋಳನ್ನು ಎಳೆದುಕೊಂಡರು. ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಬಾವಿಯ ದಂಡೆಗೆ ಹೋಗಿ ನಿಂತೆ. ನಿಂಗವ್ವ ಮೇಲೆ ಬರುವ ತನಕ ಕಾದೆವು.